ಒತ್ತಿ ಹಿಡಿದ ಕೈ

ಮಾರ್ಚ್ 3, ಸೋಮವಾರ

ಕೊನೆಗೂ ಫೋನು ಬಂತು. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಅಂಗೈಯಗಲದ ಈ ಮಹಾರಾಯ. ಜೊತೆಗೆ ಹನ್ನೆರಡು ಪುಟದ ಸೂಚನೆ. ಇನ್ನು ಮೇಲೆ ನಮ್ಮ ಆರೋಗ್ಯ ಕೇಂದ್ರಕ್ಕೆ ಏಟು ಮಾಡಿಕೊಂಡು ಬರುವ ಪ್ರತಿ ಮಗುವಿನ ಫೋಟೊ ತೆಗೆದು ದೊಡ್ಡಾಸ್ಪತ್ರೆಗೆ ಕಳಿಸಬೇಕಂತೆ. ಅಲ್ಲೊಬ್ಬರು ಡಾಕ್ಟರು ಫೋನು ಹಿಡಿದುಕೊಂಡೇ ಕೂತಿರುತ್ತಾರಂತೆ. ಅವರು ನೋಡಿ ಹೇಳಬೇಕು, ನಾನು ಮಾಡಬೇಕು.

ನಮ್ಮ ಕೇಂದ್ರದ ಡಾಕ್ಟರು ಬರುವುದು ವಾರಕ್ಕೆ ಎರಡು ದಿನ. ಉಳಿದ ದಿನ ನರ್ಸೂ ನಾನೇ, ಡಾಕ್ಟರೂ ನಾನೇ. ಇಪ್ಪತ್ತೊಂಬತ್ತು ವರ್ಷದಿಂದ ಹೊಲಿಗೆ ಹಾಕಿದ್ದೇನೆ, ಪಟ್ಟಿ ಕಟ್ಟಿದ್ದೇನೆ, ಮೂಗಿನೊಳಗೆ ಸೇರಿಕೊಂಡ ಬಟಾಣಿ ತೆಗೆದಿದ್ದೇನೆ. ನನ್ನದು ಪಳಗಿದ ಕೈ. ಅದಕ್ಕೀಗ ಗಾಜಿನ ಹಿಂದೆ ಕೂತವರ ಅಪ್ಪಣೆ ಬೇಕು.

ಪರೀಕ್ಷೆಗೆಂದು ಒಂದು ಕರೆ ಮಾಡಿಸಿದರು. ಪರದೆಯ ಮೇಲೆ ಮೊದಲು ಒಂದು ಹಣೆ ಬಂತು, ಆಮೇಲೆ ಕನ್ನಡಕ, ಕೊನೆಗೆ ಪೂರ್ತಿ ಮುಖ. ನನ್ನ ಮಗಳ ವಯಸ್ಸಿನ ಹುಡುಗಿ. “ಸಿಸ್ಟರ್, ಕೇಳಿಸ್ತಿದೆಯಾ?” ಎಂದಳು. ಕೇಳಿಸುತ್ತದೆ ತಾಯಿ, ಕಿವಿ ಇನ್ನೂ ನೆಟ್ಟಗಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಮ್ಮ ಆಯಾ ಆಗಲೇ ಹೆಸರಿಟ್ಟಾಯಿತು: ಫೋನ್ ಡಾಕ್ಟರಮ್ಮ.

ಮನೆಗೆ ಬಂದು ಯಜಮಾನರಿಗೆ ಹೇಳಿದರೆ ನಕ್ಕರು. ಬಸ್ಸು ಓಡಿಸಿ ನಿವೃತ್ತರಾದವರು, ಈಗ ಓಡಿಸಲು ನನ್ನನ್ನು ಬಿಟ್ಟರೆ ಏನೂ ಇಲ್ಲ. “ನಿನ್ನ ಮೇಲೆ ಯಾರಾದ್ರೂ ಒಬ್ರು ಇರಬೇಕು ಕಣೇ, ನನ್ನ ಕೈಲಂತೂ ಆಗ್ಲಿಲ್ಲ” ಎಂದರು.

ಇದನ್ನೆಲ್ಲ ಕೇಂದ್ರದ ವರದಿ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಮಗಳು ಬಿಟ್ಟುಹೋದ ನೋಟ್‌ಬುಕ್ಕು ಅರ್ಧ ಖಾಲಿ ಇದೆ. ಹೊಟ್ಟೆಯುರಿಯನ್ನು ಇದರಲ್ಲಿ ಕಕ್ಕಿಕೊಳ್ಳುತ್ತೇನೆ.

ಮಾರ್ಚ್ 6, ಗುರುವಾರ

ಫೋನಿಗೆ ಇವತ್ತು ಮೊದಲ ದೊಡ್ಡ ಕೇಸು. ಎದುರು ಬೀದಿಯ ಟೈಲರಮ್ಮನ ಮಗಳು, ಆರು ವರ್ಷ. ಅಂಗಡಿಯ ಬಟನ್ ಡಬ್ಬಿಯಲ್ಲೇ ಆಡಿಕೊಂಡು ಬೆಳೆದದ್ದರಿಂದ ಎಲ್ಲರೂ ಅವಳನ್ನು ಬಟನ್ ಎಂದೇ ಕರೆಯುವುದು. ಗಾಜಿನ ಲೋಟ ಹಿಡಿದು ಓಡುವಾಗ ಮುಗ್ಗರಿಸಿದ್ದಾಳೆ. ಬಲ ಅಂಗೈಯಲ್ಲಿ, ಉಂಗುರದ ಬೆರಳಿನ ಬುಡಕ್ಕೆ ಒಂದು ಗಾಯ. ಉದ್ದ ಹೆಚ್ಚಿಲ್ಲ, ಆದರೆ ರಕ್ತ ಸುರಿಯುತ್ತಿತ್ತು. ತಾಯಿ ಅಳತೆ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಓಡಿ ಬಂದಿದ್ದಳು.

ಆ ಅವತಾರದಲ್ಲಿ ಫೋಟೊ ತೆಗೆದು ಕಳಿಸುವುದೇ? ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ಜನ ನೋಡುವಂಥದ್ದು. ಒತ್ತಿ ಹಿಡಿದು ರಕ್ತ ನಿಲ್ಲಿಸಿದೆ, ತೊಳೆದೆ, ಬೆರಳ ಸಂದಿಯ ಮಣ್ಣನ್ನೂ ಒರೆಸಿದೆ, ಮೇಜಿನ ಮೇಲೆ ಒಗೆದ ಹಸಿರು ಬಟ್ಟೆ ಹಾಸಿದೆ. ಹುಡುಗಿ ಕೈ ಮುದುಡಿಕೊಳ್ಳುತ್ತಲೇ ಇದ್ದಳು. “ಬೆರಳ ತುದೀನ ಮೇಜಿಗೆ ಒತ್ತಿ ಹಿಡ್ಕೊಳಮ್ಮ, ಚಪ್ಪಟೆಯಾಗಿ ಬರ್ಲಿ” ಎಂದು ತಾಯಿಗೆ ಹೇಳಿದೆ. ಅವಳು ಒತ್ತಿದಳು. ಮಗು ಕಿರುಚಿಕೊಂಡಿತು. ಎರಡೇ ಕ್ಷಣ, ಫೋಟೊ ಬಂತು.

ಎಂಥ ಫೋಟೊ! ಐದೂ ಬೆರಳು ಸಾಲಾಗಿ, ನೆಟ್ಟಗೆ, ನಡುವೆ ಗಾಯ ಸ್ಪಷ್ಟವಾಗಿ. ತುದಿಯಲ್ಲಿ ತಾಯಿಯ ಉಗುರುಗಳು ಕಾಣುತ್ತಿದ್ದವು. ಅದು ಅಸಹ್ಯವಾಯಿತೆಂದು ಅಷ್ಟು ಭಾಗ ಕತ್ತರಿಸಿ ಕಳಿಸಿದೆ. ಫೋನಿನಲ್ಲಿ ಕತ್ತರಿಸುವುದನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಕಲಿತೆ.

“ಬೆರಳು ಮಡಿಸ್ತಾಳಾ ಸಿಸ್ಟರ್?” ಎಂದು ಡಾಕ್ಟರಮ್ಮ ಕೇಳಿದರು.

“ಎಲ್ಲ ಬೆರಳೂ ಅಲ್ಲಾಡ್ತಿವೆ ಡಾಕ್ಟ್ರೇ. ಹೆದರಿಕೆಗೆ ಬಿಗಿ ಹಿಡ್ಕೊಂಡಿದ್ದಾಳೆ, ಅಷ್ಟೇ.”

“ಫೋಟೊ ತುಂಬ ಚೆನ್ನಾಗಿ ಬಂದಿದೆ. ಆಳ ಇದ್ದ ಹಾಗೆ ಕಾಣಲ್ಲ. ಹೊಲಿಗೆ ಹಾಕಿಬಿಡಿ.”

ಮೂರು ಹೊಲಿಗೆ. ಟೈಲರಮ್ಮ ನನ್ನ ಸೂಜಿಯನ್ನೇ ನೋಡುತ್ತ ನಿಂತಿದ್ದಳು. ಹೋಗುವಾಗ “ಗಂಟು ನನಗಿಂತ ಚೆನ್ನಾಗಿ ಹಾಕ್ತೀರ” ಎಂದಳು. ಹೊಗಳಿದರೆ ಹಿಗ್ಗದವಳೇನಲ್ಲ ನಾನು.

ಮಾರ್ಚ್ 11, ಮಂಗಳವಾರ

ಡಾಕ್ಟರಮ್ಮ ತಾವಾಗಿಯೇ ಕರೆ ಮಾಡಿದ್ದರು. ಬೇರೆ ಕೇಂದ್ರಗಳಿಂದ ಬರುವ ಫೋಟೊಗಳಲ್ಲಿ ಗಾಯ ಯಾವುದು, ನೆರಳು ಯಾವುದು ಎಂದೇ ತಿಳಿಯುವುದಿಲ್ಲವಂತೆ. ಒಂದರಲ್ಲಿ ಬರೀ ಫ್ಯಾನು ಬಂದಿತ್ತಂತೆ. ಆದ್ದರಿಂದ ನಾನು ತೆಗೆದ ಬಟನ್‌ಳ ಕೈಯ ಫೋಟೊವನ್ನು ಮಾದರಿ ಎಂದು ಎಲ್ಲ ಕೇಂದ್ರಗಳಿಗೂ ಕಳಿಸಿದ್ದಾರೆ. “ಹೀಗೆ ತೆಗೆಯಿರಿ” ಎಂದು ಕೆಳಗೆ ಬರೆದು.

ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆಯಾಗೆ ತೋರಿಸಿದೆ, ಔಷಧಿ ಕೊಡುವವನಿಗೆ ತೋರಿಸಿದೆ, ಮನೆಗೆ ಬಂದು ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಮೇಲಕ್ಕೇರಿಸಿ ನೋಡಿ, “ನಿನ್ನ ಕೈಗೆ ಸಿಕ್ರೆ ಹೆಣಕ್ಕೂ ತಲೆ ಬಾಚ್ತೀಯ” ಎಂದರು. ಹೊಟ್ಟೆಕಿಚ್ಚು.

ಡಾಕ್ಟರಮ್ಮ ಒಳ್ಳೆಯ ಹುಡುಗಿ. ಕೆಲಸ ಗೊತ್ತಿದ್ದವರನ್ನು ಗುರುತಿಸುತ್ತಾಳೆ.

ಮಾರ್ಚ್ 17, ಸೋಮವಾರ

ಬಟನ್‌ಳ ಹೊಲಿಗೆ ಬಿಚ್ಚಿದೆ. ಗಾಯ ಚೆನ್ನಾಗಿ ಕೂಡಿಕೊಂಡಿದೆ, ಕಲೆಯೂ ಉಳಿಯಲಾರದು. ಆದರೆ ಉಂಗುರದ ಬೆರಳನ್ನು ಮಡಿಸುವುದಿಲ್ಲ. “ಮುಷ್ಟಿ ಮಾಡು” ಎಂದರೆ ಮೂರು ಬೆರಳು ಬರುತ್ತವೆ, ಅದೊಂದು ಕೋಲಿನ ಹಾಗೆ ನಿಂತಿರುತ್ತದೆ.

“ಮಡಿಸು ಚಿನ್ನ.”

“ಬರಲ್ಲ.”

“ಸ್ವಲ್ಪ ಪ್ರಯತ್ನ ಮಾಡು.”

“ಬರಲ್ಲ ಅಂದ್ನಲ್ಲ.”

ಇಷ್ಟು ದಿನ ಪಟ್ಟಿಯಲ್ಲಿದ್ದ ಕೈ, ಬಿಗಿದಿರುತ್ತದೆ. ಜೊತೆಗೆ ನೋವಿನ ಹೆದರಿಕೆ. ಮಕ್ಕಳನ್ನು ನಾನು ನೋಡಿಲ್ಲವೇ? “ಹಟ ಮಾಡ್ತಾಳೆ, ಮನೇಲಿ ಬಿಡದೆ ಮಡಿಸಿಸು” ಎಂದು ತಾಯಿಗೆ ಹೇಳಿ ಕಳಿಸಿದೆ. ಡಾಕ್ಟರಮ್ಮನಿಗೆ “ಗಾಯ ಗುಣವಾಗಿದೆ” ಎಂದು ಬರೆದೆ.

ಮಾರ್ಚ್ 18, ಮಂಗಳವಾರ

ಜ್ವರದ ಮಕ್ಕಳು ಹದಿನೇಳು. ನಡುನಡುವೆ ಆ ಬೆರಳು ನೆನಪಾಗುತ್ತಿತ್ತು. ಸುಮ್ಮನೆ.

ಮಾರ್ಚ್ 20, ಗುರುವಾರ

ಅಡುಗೆಗೆ ಇಟ್ಟಿಲ್ಲ, ಮೊದಲು ಇದನ್ನು ಬರೆಯುತ್ತೇನೆ.

ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಬಿಳಿ ಕೋಟಿನ ತೋಳು ಸರಿಮಾಡಿಸಲು ಟೈಲರಮ್ಮನ ಅಂಗಡಿಗೆ ಹೋಗಿದ್ದೆ. ಅವಳು ಯಂತ್ರದ ಮುಂದೆ ಕೂತಿದ್ದಳು. ಮೂಲೆಯಲ್ಲಿ ಕತ್ತರಿಸಿದ ಬಟ್ಟೆಗಳ ರಾಶಿಯ ಮೇಲೆ ಬಟನ್ ಮಲಗಿ ನಿದ್ದೆ ಹೋಗಿದ್ದಳು. ಬಲಗೈ ರಾಶಿಯಿಂದ ಹೊರಗೆ, ಅಂಗೈ ಮೇಲಾಗಿ ಚಾಚಿಕೊಂಡಿತ್ತು.

ನಿದ್ದೆಯಲ್ಲಿ ಯಾರೂ ಹಟ ಮಾಡುವುದಿಲ್ಲ. ಹೆದರುವುದೂ ಇಲ್ಲ. ಮೂರು ಬೆರಳು ತಮ್ಮಷ್ಟಕ್ಕೆ ಒಳಕ್ಕೆ ಬಾಗಿದ್ದವು. ಉಂಗುರದ ಬೆರಳು ಮಾತ್ರ ನೆಟ್ಟಗೆ ನಿಂತಿತ್ತು.

ಬೆರಳನ್ನು ಒಳಕ್ಕೆಳೆಯುವ ಟೆಂಡನ್ ಎಂಬ ಗಟ್ಟಿ ಎಳೆ ಅಂಗೈಯೊಳಗೆ ದಾರದ ಹಾಗೆ ಹಾದುಹೋಗುತ್ತದೆ. ಅದು ಕತ್ತರಿಸಿಹೋದರೆ ಬೆರಳು ಹೀಗೇ ನಿಲ್ಲುತ್ತದೆ. ಇದು ಓದುವಾಗಿನ ಎರಡನೇ ವರ್ಷದ ಪಾಠ. ಗಾಯದ ದಿನವೇ ಆ ಬೆರಳು ಹೀಗೆ ನಿಂತಿರಬೇಕು. ಹುಡುಗಿ ಕೈ ಮುದುಡಿದಾಗ ಅದೊಂದು ಮುದುಡಿರಲಾರದು. ನಾನು ನೋಡಲಿಲ್ಲ. ಎಲ್ಲ ಬೆರಳನ್ನೂ ಒತ್ತಿಸಿ ನೆಟ್ಟಗೆ ಮಾಡಿಸಿದೆ, ಆಮೇಲೆ ಫೋಟೊ ತೆಗೆದೆ. ಒತ್ತಿ ನೆಟ್ಟಗೆ ಮಾಡಿದ ಬೆರಳುಗಳ ನಡುವೆ ಬಾಗಲಾರದೆ ನೆಟ್ಟಗೆ ನಿಂತದ್ದನ್ನು ಯಾವ ಡಾಕ್ಟರು ತಾನೇ ಹುಡುಕಿಯಾರು?

“ಕೋಟು ಕೊಡಿ ಸಿಸ್ಟರ್” ಎಂದು ಟೈಲರಮ್ಮ ಎರಡು ಸಲ ಕೇಳಿದಳಂತೆ. ಕೊಟ್ಟು ಬಂದೆ. ಅವಳಿಗೆ ಏನೂ ಹೇಳಲಿಲ್ಲ.

ಸಂಜೆ ಮನೆಗೆ ಬಂದಾಗ ಯಜಮಾನರು ಆರಾಮ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅವರ ಎರಡೂ ಕೈ ನೋಡಿದೆ. ಎಲ್ಲ ಬೆರಳೂ ಒಳಕ್ಕೆ ಬಾಗಿದ್ದವು, ಕಿರುಬೆರಳು ಎಲ್ಲಕ್ಕಿಂತ ಹೆಚ್ಚು. ಮೂವತ್ತೆರಡು ವರ್ಷದಲ್ಲಿ ಈ ಕೈಯನ್ನು ಹೀಗೆ ನೋಡಿರಲಿಲ್ಲ. ಎಚ್ಚರವಾಗಿ “ಏನೇ ಹುಡುಕ್ತಿದ್ದೀಯ?” ಎಂದರು. ಏನಿಲ್ಲ ಎಂದೆ.

ಫೋಟೊ ನನ್ನ ಪರವಾಗಿದೆ. ಯಾರು ನೋಡಿದರೂ ಅದರಲ್ಲಿ ತಪ್ಪಿಲ್ಲ, ಡಾಕ್ಟರಮ್ಮನೇ ಹೊಗಳಿದ್ದಾರೆ. ಯಾರು ಒತ್ತಿದರು, ಎಲ್ಲಿ ಕತ್ತರಿಸಿದೆ ಎನ್ನುವುದು ಅದರಲ್ಲಿ ಇಲ್ಲ. “ಹೊಲಿಗೆ ಬಿಚ್ಚಿದ ಮೇಲೆ ಬೆರಳು ಬಗ್ಗುತ್ತಿಲ್ಲ” ಎಂದಷ್ಟೇ ಬರೆದರೂ ಸಾಕು. ಇದನ್ನೂ ಯೋಚಿಸಿದೆ. ಅದನ್ನು ಈ ನೋಟ್‌ಬುಕ್ಕಿನಲ್ಲಿ ಬರೆಯದೆ ಇದ್ದರೆ ಯೋಚಿಸಲಿಲ್ಲ ಎಂದಾಗುವುದಿಲ್ಲವಲ್ಲ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಎಂಟಕ್ಕೇ ಕರೆ ಮಾಡಿದೆ. ಡಾಕ್ಟರಮ್ಮ ಇನ್ನೂ ಟೀ ಕುಡಿಯುತ್ತಿದ್ದರು. ಎಲ್ಲ ಹೇಳಿದೆ: ಒತ್ತಿ ಹಿಡಿಸಿದ್ದು, ಉಗುರು ಕಾಣದ ಹಾಗೆ ಕತ್ತರಿಸಿದ್ದು, ‘ಅಲ್ಲಾಡುತ್ತವೆ’ ಎಂದದ್ದು, ಹಟ ಎಂದದ್ದು. ಅವರು ಲೋಟ ಕೆಳಗಿಟ್ಟರು. ಸಿಗ್ನಲ್ ಹೋಯಿತೇನೋ ಎಂದು ಫೋನು ಅಲ್ಲಾಡಿಸಿದೆ.

“ಎಷ್ಟು ದಿನ ಆಯ್ತು?”

“ಇವತ್ತಿಗೆ ಹದಿನೈದು.”

“ಮೂರು ವಾರದೊಳಗೆ ಆದ್ರೆ ನೇರವಾಗಿ ಜೋಡಿಸಬಹುದು. ಆಮೇಲೆ ಕಷ್ಟ. ನಾಳೇನೇ ಕಳಿಸಿ.” ಆಮೇಲೆ, “ನಾನೂ ವಿಡಿಯೊ ಕೇಳ್ಬೇಕಿತ್ತು ಸಿಸ್ಟರ್. ಚೆಂದದ ಫೋಟೊ ನೋಡಿ ಮರುಳಾದೆ. ವರದಿ ಬರೀಬೇಕಾಗತ್ತೆ. ಅದರಲ್ಲಿ ಇಬ್ಬರ ಹೆಸರೂ ಇರತ್ತೆ” ಎಂದರು.

“ಆ ಮಾದರಿ ಫೋಟೊ?” ಎಂದು ಕೇಳಿದೆ. ಅವರ ಮುಖದ ಬಣ್ಣ ಇಳಿದದ್ದು ಆ ಪುಟ್ಟ ಪರದೆಯಲ್ಲೂ ಕಂಡಿತು. ಈ ಹತ್ತು ದಿನದಲ್ಲಿ ಎಷ್ಟು ಕೇಂದ್ರಗಳಲ್ಲಿ ಎಷ್ಟು ಮಕ್ಕಳ ಕೈಯನ್ನು ಮೇಜಿಗೆ ಒತ್ತಿದ್ದಾರೋ.

ಟೈಲರಮ್ಮನ ಅಂಗಡಿಗೆ ನಾನೇ ಹೋದೆ. “ಒಳಗಿನ ದಾರ ಕತ್ತರಿಸಿದೆ, ಆಪರೇಷನ್ ಬೇಕು” ಎಂದೆ. “ಲಾಡಿ ಒಳಗೆ ಸೇರ್ಕೊಂಡ ಹಾಗಾ?” ಎಂದಳು. ಹೌದು, ಹಾಗೇ. ಪಾಯಿಜಾಮದ ಲಾಡಿ ಒಳಕ್ಕೆ ಜಾರಿದರೆ ಎಷ್ಟು ಬೇಗ ಹುಡುಕಬೇಕೆಂದು ಅವಳಿಗೆ ಗೊತ್ತು. ಯಂತ್ರಕ್ಕೆ ಮುಸುಕು ಹಾಕಿ ಎದ್ದಳು. ಯಾಕೆ, ಹೇಗೆ ಎಂದು ಕೇಳಲಿಲ್ಲ. ಕೇಳದಿದ್ದದ್ದಕ್ಕೆ ನನಗೆ ಸಮಾಧಾನವಾಯಿತು, ನಾಚಿಕೆಯೂ ಆಯಿತು.

ಮಾರ್ಚ್ 24, ಸೋಮವಾರ

ಆಪರೇಷನ್ ಆಯಿತು. ತುದಿ ಒಳಕ್ಕೆ ಸರಿದಿತ್ತಂತೆ, ಎಳೆದು ತಂದು ಜೋಡಿಸಿದ್ದಾರೆ. ನಾಲ್ಕು ವಾರ ಪ್ಲಾಸ್ಟರು. ಬೆರಳು ಎಷ್ಟು ಬಗ್ಗುತ್ತದೆ ಎನ್ನುವುದು ಆಮೇಲಿನ ವ್ಯಾಯಾಮದ ಮೇಲೆ. ಇಷ್ಟನ್ನು ಡಾಕ್ಟರಮ್ಮ ಹೇಳಿದರು.

ಎಲ್ಲ ಕೇಂದ್ರಗಳಿಗೂ ಹೊಸ ಸೂಚನೆ ಹೋಗಿದೆ: ಕೈಯನ್ನು ಒತ್ತಬೇಡಿ, ಮಗು ಹೇಗೆ ಹಿಡಿದಿದೆಯೋ ಹಾಗೇ ತೋರಿಸಿ. “ಆ ಹಳೇ ಮಾದರಿ ಯಾರ ಫೋಟೊ ಅಂತ ಕೇಳಿದ್ರೆ?” ಎಂದರು. ನನ್ನದೇ ಎಂದು ಹೇಳಿ ಎಂದೆ.

ಏಪ್ರಿಲ್ 2, ಬುಧವಾರ

ಮಂಡಿ ನೋವು ಶುರುವಾಗಿದೆ. ಮೊದಲಿನ ಚುರುಕಿಲ್ಲ. ಇವತ್ತು ಮೂರು ವರ್ಷದವನೊಬ್ಬನನ್ನು ಅವನ ಅಜ್ಜಿ ಕರೆತಂದಿದ್ದರು, ತೋಳು ನೋವೆಂದು. ಏಳಲಾರದೆ ಕುರ್ಚಿಯಲ್ಲೇ ಕೂತು ಅವನು ಆಡುವುದನ್ನು ನೋಡುತ್ತಿದ್ದೆ. ಚೆಂಡು ಬಲಕ್ಕೆ ಬಂದರೂ ಎಡಗೈಯಲ್ಲೇ ಹಿಡಿಯುತ್ತಿದ್ದ. ಆಯಾ ಬಂದು, “ಅಕ್ಕಾ, ಹೊರಗೆ ಇಪ್ಪತ್ತು ಜನ ಇದ್ದಾರೆ. ನೀವು ಸಿನಿಮಾ ನೋಡೋರ ಥರ ಕೂತಿದ್ದೀರಲ್ಲ” ಎಂದು ರೇಗಿದಳು. ಹಾಗೇ ವಿಡಿಯೊ ಮಾಡಿ ಕಳಿಸಿದೆ. ಮೂಗಲ್ಲಿ ಸಿಂಬಳ ಇತ್ತು, ಒರೆಸುವುದು ಮರೆತೇ ಹೋಯಿತು. ಮೊಣಕೈ ಮೂಳೆ ಸ್ವಲ್ಪ ಜರುಗಿದೆ ಎಂದು ಡಾಕ್ಟರಮ್ಮ ಹೇಳಿದರು, ಹೇಗೆ ತಿರುಗಿಸಬೇಕೆಂದು ತಮ್ಮ ಕೈಯಲ್ಲೇ ತೋರಿಸಿದರು. ಟಕ್ಕೆಂದು ಕೂತಿತು.

ವಯಸ್ಸಾಯಿತು. ಕೆಲಸ ನಿಧಾನವಾಗುತ್ತಿದೆ.

ಏಪ್ರಿಲ್ 10, ಗುರುವಾರ

ಟೈಲರಮ್ಮ ಕೋಟು ತಂದುಕೊಟ್ಟಳು. ಕೇಂದ್ರದಲ್ಲಿ ಕಾಯುತ್ತಿದ್ದವರೆಲ್ಲರ ಮುಂದೆ, “ಇವರು ಕಣ್ಣಿಟ್ಟು ನೋಡಿದ್ದಕ್ಕೆ ನನ್ನ ಮಗಳ ಬೆರಳು ಉಳೀತು” ಎಂದಳು. ತಲೆ ತಗ್ಗಿಸಿದೆ. ಸಂಕೋಚ ಎಂದುಕೊಂಡರು ಎಲ್ಲರೂ.

ಆಮೇಲೆ ಒಳಗೆ ಬಂದು ಕಣ್ಣೀರು ಹಾಕಿದಳು. ನಾನು ಹಟ ಎಂದ ಮೇಲೆ ಮನೆಯಲ್ಲಿ ಬೆರಳು ಮಡಿಸು ಮಡಿಸು ಎಂದು ಹುಡುಗಿಯನ್ನು ಗೋಳು ಹೊಯ್ದುಕೊಂಡಳಂತೆ. ಒಂದು ದಿನ ಸಿಟ್ಟು ತಡೆಯದೆ ಆ ಕೈಗೇ ಹೊಡೆದಳಂತೆ. “ತಾಯಿಯಾಗಿ ನನಗೇ ಗೊತ್ತಾಗ್ಲಿಲ್ವಲ್ಲ. ನಾನೇ ತಡ ಮಾಡಿದೆ” ಎಂದಳು.

ನಾಲಿಗೆ ತುದಿಯವರೆಗೆ ಬಂತು. ಹೊರಗೆ ಯಾರೋ ಕರೆದರು, ಎದ್ದು ಹೋದೆ. ಕರೆಯದಿದ್ದರೂ ಹೋಗುತ್ತಿದ್ದೆನೇನೋ.

ಏಪ್ರಿಲ್ 21, ಸೋಮವಾರ

ಪ್ಲಾಸ್ಟರು ಬಿಚ್ಚಿದ್ದಾರೆ. ಇನ್ನು ದಿನಾ ಒಂಬತ್ತಕ್ಕೆ ಬಟನ್ ನಮ್ಮ ಕೇಂದ್ರಕ್ಕೆ ಬರಬೇಕು, ಡಾಕ್ಟರಮ್ಮ ಫೋನಿನಲ್ಲಿ ನೋಡುತ್ತ ವ್ಯಾಯಾಮ ಹೇಳಬೇಕು, ನಾನು ಮಾಡಿಸಬೇಕು. ಒಂದು ದಿನವೂ ತಪ್ಪುವಂತಿಲ್ಲ. ತಪ್ಪಿದರೆ ಜೋಡಿಸಿದ ಜಾಗ ಅಂಟಿಕೊಳ್ಳುತ್ತದೆ. ಬೆರಳು ಇವತ್ತು ಒಂದು ಚೂರು ಮಾತ್ರ ಮಿಸುಕಿತು.

ತಾಯಿ ಬೆಂಚಿನಲ್ಲಿ ಕೂತು, “ನಾನು ಹೊಡೆದಿದ್ದಕ್ಕೇ ಹೀಗಾಗಿರಬಹುದಾ ಡಾಕ್ಟ್ರೇ?” ಎಂದು ಫೋನಿಗೆ ಕೇಳಿದಳು. ಇಲ್ಲ ಎಂದರು ಡಾಕ್ಟರಮ್ಮ. ಅವಳು ನಂಬಲಿಲ್ಲ.

ಅವರು ಹೋದ ಮೇಲೆ ಡಾಕ್ಟರಮ್ಮನಿಗೆ ಹೇಳಿದೆ, “ಆ ತಾಯಿಗೆ ನಾನೇ ಎಲ್ಲ ಹೇಳ್ತೀನಿ.”

“ಹೇಳ್ಬೇಕು. ಆಸ್ಪತ್ರೆ ಕಡೆಯಿಂದ ನಾನೂ ಹೇಳ್ಬೇಕಿತ್ತು, ನಾಳೆ ನಾಳೆ ಅಂತ ಮುಂದೂಡ್ತಾ ಬಂದೆ. ಆದ್ರೆ ಸಿಸ್ಟರ್, ಅವರು ಸಿಟ್ಟಾಗಿ ಬರೋದು ನಿಲ್ಲಿಸಿದ್ರೆ?”

ಹೇಳಿದರೆ ಬೆರಳು ಹೋದೀತು. ಹೇಳದಿದ್ದರೆ ಅವಳು ಜೀವನವಿಡೀ ತನ್ನ ಕೈಯನ್ನೇ ಶಪಿಸಿಕೊಂಡಾಳು.

ಏಪ್ರಿಲ್ 23, ಬುಧವಾರ

ಹೇಳಿದೆ.

ವ್ಯಾಯಾಮ ಮುಗಿದ ಮೇಲೆ ಬಟನ್‌ಳನ್ನು ಆಯಾ ಜೊತೆ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಹೇಳಿದೆ. ಫೋನಿನಲ್ಲಿ ಡಾಕ್ಟರಮ್ಮನೂ ಇದ್ದರು. ಮೊದಲ ದಿನವೇ ತಿಳಿಯಬೇಕಿತ್ತು, ತಿಳಿಯದ ಹಾಗೆ ಮಾಡಿದವಳು ನಾನು, ತಡ ಆದದ್ದು ನಿನ್ನಿಂದಲ್ಲ, ಹಟ ಎಂದು ನಾನು ಹೇಳಿದ್ದಕ್ಕೇ ನೀನು ಹೊಡೆದದ್ದು ಎಂದೆ. ಚಂದ ಕಾಣಲಿ ಎಂದು ಕೈಯನ್ನು ನೆಟ್ಟಗೆ ಒತ್ತಿಸಿದೆ ಎಂದೂ ಹೇಳಿದೆ.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ತನ್ನ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತಳು.

“ಒತ್ತಿದ್ದು ನಾನು” ಎಂದಳು.

“ನಾನು ಹೇಳಿದ್ದಕ್ಕಮ್ಮ.”

“ನೀವು ಹೇಳಿದ್ರಿ, ನಾನು ಒತ್ತಿದೆ. ಅಮ್ಮಾ ಬಿಡು ಅಂತ ಕಿರುಚಿದ್ಲು. ನಾನು ಬಿಡ್ಲಿಲ್ಲ.”

ಇದನ್ನು ನಾನು ಎಣಿಸಿರಲಿಲ್ಲ. ಒಂದು ಭಾರ ಇಳಿಸಲು ಹೋಗಿ ಇನ್ನೊಂದು ಹೊರಿಸಿದೆ. ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವಳು ಎದ್ದು ಹೋಗಿದ್ದಳು.

ಏಪ್ರಿಲ್ 24, ಗುರುವಾರ

ಬರಲಿಲ್ಲ.

ಏಪ್ರಿಲ್ 25, ಶುಕ್ರವಾರ

ಬರಲಿಲ್ಲ. ಅಂಗಡಿಯ ಬಾಗಿಲು ಅರ್ಧ ಹಾಕಿತ್ತು, ಒಳಗೆ ಯಂತ್ರದ ಸದ್ದು ಕೇಳುತ್ತಿತ್ತು. ಹೊರಗಿನಿಂದಲೇ, “ನನ್ನ ಹತ್ರ ಬೇಡ ಅಂದ್ರೆ ಬೇಡಮ್ಮ. ನಿನ್ನ ಫೋನಿಂದಲೇ ಡಾಕ್ಟರಮ್ಮಂಗೆ ಮಾಡು, ಅವರೇ ಹೇಳಿಕೊಡ್ತಾರೆ. ದಿನ ಮಾತ್ರ ತಪ್ಪಿಸ್ಬೇಡ” ಎಂದು ಕೂಗಿ, ನಂಬರು ಬರೆದ ಚೀಟಿಯನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬಂದೆ. ಯಂತ್ರ ನಿಲ್ಲಲಿಲ್ಲ.

ಯಜಮಾನರು ಇವತ್ತು ಒಂದು ಸಲವೂ ಕಾಲೆಳೆಯಲಿಲ್ಲ. ಅನ್ನ ಬಡಿಸಿ ಎದುರಿಗೆ ಕೂತರು.

ಏಪ್ರಿಲ್ 26, ಶನಿವಾರ

ಒಂಬತ್ತೂಕಾಲಿಗೆ ಬಂದರು, ತಾಯಿ ಮಗಳು ಇಬ್ಬರೂ. ತಾಯಿ ಕೂರಲಿಲ್ಲ. “ಡಾಕ್ಟರಮ್ಮಂಗೆ ಮಾಡಿ” ಎಂದಳು. ಮಾಡಿದೆ. ಕೈ ಚಾಚಿದಳು. “ಫೋನು ನಾನು ಹಿಡ್ಕೋತೀನಿ.” ಕೊಟ್ಟೆ.

ಕಿಟಕಿಗೆ ಬೆನ್ನು ಹಾಕಿ ನಿಂತು ಹಿಡಿದಿದ್ದಳು, ಹಾಸಿದ ಬಟ್ಟೆಯೂ ಇಲ್ಲ, ಹಿಂದೆ ಕಸದ ಬುಟ್ಟಿ. ಸರಿಮಾಡಬೇಕೆಂದು ನನಗೆ ಅನ್ನಿಸಲೇ ಇಲ್ಲ. “ಬಟನ್, ನಿನಗೆ ಎಷ್ಟಾಗತ್ತೋ ಅಷ್ಟು” ಎಂದರು ಡಾಕ್ಟರಮ್ಮ. ಬೆರಳು ಹೊರಟಿತು, ನಿಂತಿತು, ನಡುಗಿತು, ಇನ್ನೊಂದಿಷ್ಟು ಬಂತು. ಅರ್ಧ ದಾರಿ. ಎರಡು ದಿನ ಮನೆಯಲ್ಲೇ ಬಿಸಿನೀರಿನಲ್ಲಿ ತಾಯಿ ಮಾಡಿಸಿದ್ದಾಳೆ. “ಪೂರ್ತಿ ಬರತ್ತೆ ಅಂತ ಈಗ್ಲೇ ಹೇಳಲ್ಲ. ಇಷ್ಟು ಬಂದಿರೋದು ಒಳ್ಳೇದೇ” ಎಂದರು ಡಾಕ್ಟರಮ್ಮ.

ಫೋನು ವಾಪಸು ಕೊಡುವಾಗ ತಾಯಿ ನನ್ನ ಮುಖ ನೋಡದೆ, “ನನ್ನ ಸಿಟ್ಟು ಹೋಗಿಲ್ಲ” ಎಂದಳು. ಸರಿ ಎಂದೆ.

“ನೀನು ಹಟ ಮಾಡಿರ್ಲಿಲ್ಲ, ನಂದೇ ತಪ್ಪು ಅಂತ ಇವಳಿಗೆ ಹೇಳಿದೆ. ಏನಂದ್ಲು ಗೊತ್ತಾ?”

ಬಟನ್ ತಾನೇ ಹೇಳಿದಳು. “ಬರಲ್ಲ ಅಂತ ಹೇಳಿದ್ದೆ. ನೀವಿಬ್ರೂ ಕೇಳ್ಲೇ ಇಲ್ಲ.”

ನಾವಿಬ್ಬರೂ ನೆಲ ನೋಡಿದೆವು.

ನಾಳೆ ಭಾನುವಾರ, ಕೇಂದ್ರಕ್ಕೆ ರಜೆ. ಆದರೂ ಬೀಗ ತೆಗೆದಿರುತ್ತೇನೆ, ಒಂಬತ್ತಕ್ಕೆ ಬನ್ನಿ ಎಂದೆ. ಬಟನ್ ಅಡ್ಡಡ್ಡ ತಲೆಯಾಡಿಸಿದಳು.

“ಭಾನುವಾರ ನಾನು ಲೇಟಾಗಿ ಏಳೋದು. ಹತ್ತಕ್ಕೆ.”

ತಾಯಿ ಗದರಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ನನ್ನ ಕಡೆ ನೋಡಿದಳು.

ಹತ್ತಕ್ಕೆ ಬೀಗ ತೆಗೆಯಬೇಕು.